ಸಂಬಳದಲ್ಲಿ ಮುರಿದುಕೊಂಡ ಹಣ ಯಾರದು? ಅಮೆರಿಕದ ಸಂವಿಧಾನ ಮತ್ತು ಸೋಷಿಯಲ್ ಸೆಕ್ಯುರಿಟಿ

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯವನು, ಹನ್ನೆರಡು ವರ್ಷಗಳಿಂದ ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದೇನೆ. ಪ್ರತಿ ಸಂಬಳದಲ್ಲೂ ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಪಿಂಚಣಿ ಯೋಜನೆಗೆಂದು ಹಣ ಮುರಿದುಕೊಳ್ಳುತ್ತಾರೆ. ಅಮೆರಿಕದವರೇ ಆದ ನನ್ನ ಸಹೋದ್ಯೋಗಿಯೊಬ್ಬರು, ಈ ದೇಶದ ಸಂವಿಧಾನದಲ್ಲಿ ಪಿಂಚಣಿ ಎಂಬ ಪದವೇ ಇಲ್ಲ, ಹತ್ತನೆಯ ತಿದ್ದುಪಡಿಯ ಪ್ರಕಾರ ಫೆಡರಲ್ ಸರ್ಕಾರಕ್ಕೆ, ಅಂದರೆ ಕೇಂದ್ರಕ್ಕೆ, ಕೊಡದ ಅಧಿಕಾರವೆಲ್ಲ ರಾಜ್ಯಗಳಿಗೆ ಸೇರಿದ್ದು, ಆದ್ದರಿಂದ ಇಡೀ ಯೋಜನೆಯೇ ಸಂವಿಧಾನಬಾಹಿರ ಎನ್ನುತ್ತಾರೆ. ಇದು ನಿಜವೇ? ನಿಜವಲ್ಲದಿದ್ದರೆ, ನಾನು ಕಟ್ಟಿದ ಹಣದ ಮೇಲೆ ನನಗೆ ಹಕ್ಕಿದೆಯೇ, ಅಥವಾ ಇಲ್ಲಿನ ಸಂಸತ್ತು ಮನಸ್ಸು ಮಾಡಿದರೆ ನಾಳೆಯೇ ಅದನ್ನು ನಿಲ್ಲಿಸಬಹುದೇ?

ಉತ್ತರ: ನಿಮ್ಮ ಸಹೋದ್ಯೋಗಿಯ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1937ರ ಮೇ 24ರವರೆಗೆ ಅದು ಅಮೆರಿಕದ ಹಿರಿಯ ವಕೀಲರೂ ಹಲವು ನ್ಯಾಯಾಧೀಶರೂ ಒಪ್ಪಿದ್ದ ವಾದವಾಗಿತ್ತು. ಅಂದು ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ತಿರಸ್ಕರಿಸಿತು, ಆ ತೀರ್ಪು ಇಂದಿಗೂ ಅಲುಗಾಡಿಲ್ಲ. ಹಾಗಾಗಿ ಮೊದಲ ಪ್ರಶ್ನೆಗೆ ನೇರ ಉತ್ತರವೆಂದರೆ ಯೋಜನೆ ಸಂವಿಧಾನಬದ್ಧವಾಗಿದೆ. ಎರಡನೆಯ ಪ್ರಶ್ನೆಯ ಉತ್ತರ ನಿಮಗೆ ಅಷ್ಟು ಹಿತವಾಗಲಾರದು. ನೀವು ಕಟ್ಟಿದ ಹಣ ಕಾನೂನಿನ ಪ್ರಕಾರ ನಿಮ್ಮ ಉಳಿತಾಯವಲ್ಲ, ಅದು ತೆರಿಗೆ. ಈ ಎರಡು ಉತ್ತರಗಳಿಗೂ ಬೇರು ಒಂದೇ ಎಂಬುದನ್ನು ನಾನು ಮುಖ್ಯವಾಗಿ ವಿವರಿಸಬೇಕಾಗಿದೆ. ಯಾವ ಏರ್ಪಾಡಿನಿಂದ ಯೋಜನೆ ನ್ಯಾಯಾಲಯದಲ್ಲಿ ಉಳಿದುಕೊಂಡಿತೋ ಅದೇ ಏರ್ಪಾಡಿನಿಂದಾಗಿ ಪಿಂಚಣಿ ಪಡೆಯುವವರ ಹಕ್ಕು ದುರ್ಬಲವಾಯಿತು.

ಮೊದಲು ಒಂದು ಸಣ್ಣ ತಪ್ಪನ್ನು ಸರಿಪಡಿಸುತ್ತೇನೆ. ಪಿಂಚಣಿ ಎಂಬ ಪದ ಆ ಸಂವಿಧಾನದಲ್ಲಿ ಇಲ್ಲವೆನ್ನುವುದು ಸರಿಯಲ್ಲ. 1868ರಲ್ಲಿ ಸೇರಿದ ಹದಿನಾಲ್ಕನೆಯ ತಿದ್ದುಪಡಿಯ ನಾಲ್ಕನೆಯ ಸೆಕ್ಷನ್‌ನಲ್ಲಿ ಅದು ಬರುತ್ತದೆ. ದಂಗೆಯನ್ನು ಅಡಗಿಸಲು ಹೋರಾಡಿದವರ ಪಿಂಚಣಿಗಾಗಿ ಮಾಡಿದ್ದೂ ಸೇರಿದಂತೆ ರಾಷ್ಟ್ರದ ಸಾಲದ ಸಿಂಧುತ್ವವನ್ನು ಯಾರೂ ಪ್ರಶ್ನಿಸುವಂತಿಲ್ಲ ಎಂದು ಆ ಸೆಕ್ಷನ್ ಹೇಳುತ್ತದೆ. ಆದರೆ ಅದು ಅಂತರ್ಯುದ್ಧದ ಸೈನಿಕರಿಗೆ ಸಂಬಂಧಿಸಿದ ಮಾತು. ಸೈನ್ಯವನ್ನು ಕಟ್ಟುವ ಅಧಿಕಾರವುಳ್ಳ ಸರ್ಕಾರ ಸೈನಿಕನಿಗೆ ಪಿಂಚಣಿ ಕೊಡುವುದನ್ನಾಗಲಿ, 1920ರಲ್ಲಿ ತನ್ನ ಸ್ವಂತ ನೌಕರರಿಗೆ ನಿವೃತ್ತಿ ಯೋಜನೆ ಮಾಡಿದ್ದನ್ನಾಗಲಿ ಅಧಿಕಾರದ ಮೇರೆ ಮೀರಿದ ಕೆಲಸವೆಂದು ಯಾರೂ ಎಣಿಸಲಿಲ್ಲ. ತೊಡಕು ಬಂದದ್ದು ಸರ್ಕಾರಕ್ಕೆ ಎಂದೂ ಕೆಲಸ ಮಾಡದ ಗಿರಣಿ ಕಾರ್ಮಿಕನಿಗೆ, ಅಂಗಡಿಯ ಗುಮಾಸ್ತನಿಗೆ ಫೆಡರಲ್ ಸರ್ಕಾರ ಪಿಂಚಣಿ ಕೊಡಲು ಹೊರಟಾಗ.

ನಮ್ಮ ಸಂವಿಧಾನವನ್ನು ಓದಿ ಬೆಳೆದವರಿಗೆ ಈ ತೊಡಕು ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ಭಾರತದ ಸಂವಿಧಾನದ ಏಳನೆಯ ಅನುಸೂಚಿಯ ಸಮವರ್ತಿ ಪಟ್ಟಿಯಲ್ಲಿ ಸಾಮಾಜಿಕ ಭದ್ರತೆ ಮತ್ತು ಸಾಮಾಜಿಕ ವಿಮೆ 23ನೆಯ ನಮೂದಿನಲ್ಲೂ, ಭವಿಷ್ಯ ನಿಧಿ ಮತ್ತು ವೃದ್ಧಾಪ್ಯ ಪಿಂಚಣಿ 24ನೆಯ ನಮೂದಿನಲ್ಲೂ ಹೆಸರು ಹಿಡಿದು ಬರೆಯಲ್ಪಟ್ಟಿವೆ. ಆದ್ದರಿಂದ ಭವಿಷ್ಯ ನಿಧಿಯ ಕಾಯ್ದೆ ಮಾಡುವ ಅಧಿಕಾರ ಕೇಂದ್ರಕ್ಕೆ ಇದೆಯೇ ಎಂಬ ಪ್ರಶ್ನೆಯೇ ನಮ್ಮಲ್ಲಿ ಏಳುವುದಿಲ್ಲ. 1787ರಲ್ಲಿ ಬರೆದ ಅಮೆರಿಕದ ಸಂವಿಧಾನಕ್ಕೆ ಅಂಥ ಪಟ್ಟಿ ಇಲ್ಲ. ಮೊದಲನೆಯ ವಿಧಿಯ ಎಂಟನೆಯ ಸೆಕ್ಷನ್ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಅಧಿಕಾರಗಳನ್ನು ಎಣಿಸಿ ಹೇಳುತ್ತದೆ. ತೆರಿಗೆ, ಸಾಲ, ನಾಣ್ಯ, ಅಂಚೆ, ಯುದ್ಧ, ರಾಜ್ಯ ರಾಜ್ಯಗಳ ನಡುವಣ ವ್ಯಾಪಾರ ಮುಂತಾದವು ಅಲ್ಲಿವೆ. 1791ರ ಹತ್ತನೆಯ ತಿದ್ದುಪಡಿ ಉಳಿದದ್ದನ್ನೆಲ್ಲ ರಾಜ್ಯಗಳಿಗೆ ಅಥವಾ ಜನರಿಗೆ ಬಿಟ್ಟಿತು. ಎಣಿಕೆಯಲ್ಲಿ ಮುದುಕರ ಜೀವನೋಪಾಯ ಇಲ್ಲ. ನಿಮ್ಮ ಸಹೋದ್ಯೋಗಿ ಕಾಲೂರಿ ನಿಂತಿರುವುದು ಇಲ್ಲಿಯೇ.

ಆದರೆ ಎಂಟನೆಯ ಸೆಕ್ಷನ್ನಿನ ಮೊದಲ ವಾಕ್ಯವನ್ನು ಅವರು ಇನ್ನೊಮ್ಮೆ ಓದಬೇಕು. ಸಾಲ ತೀರಿಸುವುದಕ್ಕೂ, ದೇಶದ ಸಮಾನ ರಕ್ಷಣೆ ಮತ್ತು ಸಾರ್ವಜನಿಕ ಕ್ಷೇಮಕ್ಕೆ ವ್ಯವಸ್ಥೆ ಮಾಡುವುದಕ್ಕೂ ತೆರಿಗೆ ಹಾಕಿ ವಸೂಲು ಮಾಡುವ ಅಧಿಕಾರ ಕಾಂಗ್ರೆಸ್ಸಿಗೆ ಉಂಟು ಎಂಬುದು ಆ ವಾಕ್ಯದ ಸಾರ. ಸಾರ್ವಜನಿಕ ಕ್ಷೇಮ ಎಂಬ ಆ ಎರಡು ಪದಗಳ ಅರ್ಥ ಎಷ್ಟು ದೂರ ಹೋಗುತ್ತದೆ ಎಂಬುದರ ಬಗ್ಗೆ ಸಂವಿಧಾನ ಬರೆದವರಲ್ಲೇ ಒಮ್ಮತ ಇರಲಿಲ್ಲ. ಜೇಮ್ಸ್ ಮ್ಯಾಡಿಸನ್ ಅವರ ಮತದಲ್ಲಿ ಅದು ಮುಂದೆ ಬರುವ ಪಟ್ಟಿಯ ಪೀಠಿಕೆ ಮಾತ್ರ; ಪಟ್ಟಿಯಲ್ಲಿರುವ ಕೆಲಸಗಳಿಗಷ್ಟೇ ಹಣ ಖರ್ಚು ಮಾಡಬಹುದು. ಅಧ್ಯಕ್ಷ ಪದವಿಯ ಕೊನೆಯ ದಿನಗಳಲ್ಲಿ, 1817ರ ಮಾರ್ಚ್‌ನಲ್ಲಿ, ರಸ್ತೆ ಮತ್ತು ಕಾಲುವೆಗಳಿಗೆ ಹಣ ಕೊಡುವ ಮಸೂದೆಯೊಂದನ್ನು ಅವರು ಇದೇ ಕಾರಣ ಹೇಳಿ ಹಿಂದಿರುಗಿಸಿದರು. ದೇಶದ ಮೊದಲ ಹಣಕಾಸು ಸಚಿವ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಅವರದು ಬೇರೆ ಮತ. 1791ರಲ್ಲಿ ಕೈಗಾರಿಕೆಗಳ ಕುರಿತು ಸಲ್ಲಿಸಿದ ವರದಿಯಲ್ಲಿ ಅವರು, ಖರ್ಚು ಮಾಡುವ ಅಧಿಕಾರ ಪಟ್ಟಿಗೆ ಕಟ್ಟುಬಿದ್ದಿಲ್ಲ, ಖರ್ಚು ಒಂದು ಊರಿನ ಹಿತಕ್ಕಲ್ಲದೆ ಇಡೀ ದೇಶದ ಹಿತಕ್ಕೆ ಆಗಿದ್ದರೆ ಸಾಕು ಎಂದು ವಾದಿಸಿದರು. ಒಂದೂವರೆ ಶತಮಾನದ ಹತ್ತಿರ ಈ ಜಗಳಕ್ಕೆ ಸುಪ್ರೀಂ ಕೋರ್ಟು ಕೊನೆ ಹಾಡಲಿಲ್ಲ.

ಆರ್ಥಿಕ ಕುಸಿತದ ಕಾಲದಲ್ಲಿ ಆ ಜಗಳ ಪುಸ್ತಕದಿಂದ ಬೀದಿಗೆ ಬಂದಿತು. 1934ರಲ್ಲಿ ಕಾಂಗ್ರೆಸ್ಸು ರೈಲ್ವೆ ನೌಕರರಿಗೆ ಕಡ್ಡಾಯ ಪಿಂಚಣಿ ಯೋಜನೆಯೊಂದನ್ನು ಜಾರಿಗೆ ತಂದಿತ್ತು. ರೈಲು ರಾಜ್ಯಗಳ ಗಡಿ ದಾಟಿ ಓಡುತ್ತದೆ, ರಾಜ್ಯಗಳ ನಡುವಣ ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರ ಕಾಂಗ್ರೆಸ್ಸಿಗೆ ಇದೆ, ಆದ್ದರಿಂದ ನೌಕರರ ಪಿಂಚಣಿಯೂ ಅದರೊಳಗೆ ಬರುತ್ತದೆ ಎಂಬುದು ಸರ್ಕಾರದ ತರ್ಕ. 1935ರ ಮೇ 6ರಂದು ಸುಪ್ರೀಂ ಕೋರ್ಟು ಐದು ಮತ್ತು ನಾಲ್ಕರ ಅಂತರದಲ್ಲಿ ಆ ಕಾಯ್ದೆಯನ್ನು ರದ್ದುಮಾಡಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಓವೆನ್ ರಾಬರ್ಟ್ಸ್, ಮುದಿ ನೌಕರನ ನೆಮ್ಮದಿಗೂ ರೈಲು ಸಂಚಾರಕ್ಕೂ ಸಂಬಂಧವಿಲ್ಲ, ಇದನ್ನು ಒಪ್ಪಿದರೆ ನಾಳೆ ನೌಕರನ ಔಷಧೋಪಚಾರ, ಬಟ್ಟೆ, ಊಟ, ಮನೆ, ಮಕ್ಕಳ ಓದು ಎಲ್ಲವನ್ನೂ ವ್ಯಾಪಾರದ ಹೆಸರಿನಲ್ಲಿ ಮಾಲೀಕನ ಮೇಲೆ ಹೊರಿಸಬಹುದು ಎಂದರು. ಮುಖ್ಯ ನ್ಯಾಯಮೂರ್ತಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರೇ ಭಿನ್ನಮತ ಬರೆದರು. ಆ ಭಿನ್ನಮತವೇ ಹೆಚ್ಚು ಸರಿ ಎಂದು ನನಗೆ ಅನಿಸುತ್ತದೆ. ಆದರೂ ರಾಬರ್ಟ್ಸ್ ಅವರ ಆತಂಕ, ಎಣಿಸಿ ಕೊಟ್ಟ ಅಧಿಕಾರಕ್ಕೆ ಎಲ್ಲಿಯಾದರೂ ಒಂದು ಗಡಿ ಇರಲೇಬೇಕು ಎಂಬ ಆತಂಕ, ಪೊಳ್ಳಾದದ್ದಲ್ಲ.

ಆ ತೀರ್ಪು ಬಂದಾಗ ಸೋಷಿಯಲ್ ಸೆಕ್ಯುರಿಟಿ ಮಸೂದೆ ಕಾಂಗ್ರೆಸ್ಸಿನಲ್ಲಿ ಚರ್ಚೆಯಲ್ಲಿತ್ತು. ಅದನ್ನು ಸಿದ್ಧಪಡಿಸಿದ ಸಮಿತಿಯ ಅಧ್ಯಕ್ಷೆ, ಕಾರ್ಮಿಕ ಖಾತೆಯ ಸಚಿವೆ ಫ್ರಾನ್ಸಿಸ್ ಪರ್ಕಿನ್ಸ್ ಮುಂದೆ ತಾವೇ ಹೇಳಿಕೊಂಡ ಒಂದು ಪ್ರಸಂಗ ಇಲ್ಲಿ ಉಪಯುಕ್ತ. ಮಸೂದೆಗೆ ಸಂವಿಧಾನದ ಯಾವ ಆಧಾರ ಹಿಡಿಯಬೇಕೆಂದು ತಿಳಿಯದೆ ಚಿಂತೆಯಲ್ಲಿದ್ದ ಅವರು ಒಂದು ಚಹಾಕೂಟದಲ್ಲಿ ನ್ಯಾಯಮೂರ್ತಿ ಹಾರ್ಲನ್ ಸ್ಟೋನ್ ಅವರ ಬಳಿ ತಮ್ಮ ಚಿಂತೆಯನ್ನು ಹೇಳಿಕೊಂಡರಂತೆ. ಸ್ಟೋನ್ ಅತ್ತಿತ್ತ ನೋಡಿ, ತೆರಿಗೆ ವಿಧಿಸುವ ಅಧಿಕಾರವನ್ನು ನೆಚ್ಚಿಕೊಳ್ಳಿ, ನಿಮಗೆ ಬೇಕಾದದ್ದಕ್ಕೆಲ್ಲ ಅದು ಸಾಕು ಎಂಬರ್ಥದ ಮಾತನ್ನು ಪಿಸುಗುಟ್ಟಿದರಂತೆ. ಮುಂದೆ ತಮ್ಮ ಮುಂದೆಯೇ ಬರಲಿರುವ ಕಾಯ್ದೆಯ ಬಗ್ಗೆ ನ್ಯಾಯಮೂರ್ತಿಯೊಬ್ಬರು ಹೀಗೆ ಸಲಹೆ ಕೊಡುವುದು ಯಾವ ಕಾಲಕ್ಕೂ ಒಪ್ಪತಕ್ಕದ್ದಲ್ಲ. ಆದರೆ ಸಲಹೆ ಮಾತ್ರ ಕರಾರುವಾಕ್ಕಾಗಿತ್ತು.

1935ರ ಆಗಸ್ಟ್ 14ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಹಿ ಹಾಕಿದ ಕಾಯ್ದೆಯನ್ನು ಕೈಗೆತ್ತಿಕೊಂಡು ನೋಡಿದರೆ ಈ ಎಚ್ಚರ ಕಣ್ಣಿಗೆ ಕಾಣುತ್ತದೆ. ಮುದುಕರಿಗೆ ತಿಂಗಳ ಹಣ ಕೊಡುವ ಮಾತು ಎರಡನೆಯ ಅಧ್ಯಾಯದಲ್ಲಿದೆ. ಸಂಬಳದ ಮೇಲೆ ತೆರಿಗೆ ಹಾಕುವ ಮಾತು ಎಂಟನೆಯ ಅಧ್ಯಾಯದಲ್ಲಿದೆ. ಮೊದಲಿಗೆ ವರ್ಷಕ್ಕೆ 3,000 ಡಾಲರ್‌ವರೆಗಿನ ಸಂಬಳದ ಮೇಲೆ ನೌಕರನಿಂದ ಶೇಕಡಾ 1, ಮಾಲೀಕನಿಂದ ಶೇಕಡಾ 1 ಎಂದು ತೆರಿಗೆ ನಿಗದಿಯಾಗಿತ್ತು. ಒಂದು ಅಧ್ಯಾಯಕ್ಕೂ ಇನ್ನೊಂದಕ್ಕೂ ನಡುವೆ ಬೇಕೆಂದೇ ಅಂತರ ಇಟ್ಟಿದ್ದರು. ಈ ತೆರಿಗೆಯ ಹಣದಿಂದಲೇ ಆ ಪಿಂಚಣಿ ಎಂದು ಕಾಯ್ದೆ ಎಲ್ಲಿಯೂ ಹೇಳಲಿಲ್ಲ. ತೆರಿಗೆ ಬೊಕ್ಕಸಕ್ಕೆ ಹೋಗುತ್ತದೆ, ಪಿಂಚಣಿ ಬೊಕ್ಕಸದಿಂದ ಬರುತ್ತದೆ. ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವೂ ಖರ್ಚು ಮಾಡುವ ಅಧಿಕಾರವೂ ಬೇರೆ ಬೇರೆಯಾಗಿ ಇವೆ. ಕಡ್ಡಾಯ ವಿಮೆ ಎಂದು ಒಂದೇ ಗಂಟಾಗಿ ಕಟ್ಟಿದ್ದರೆ, ವಿಮೆ ನಡೆಸುವ ಅಧಿಕಾರ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತಿತ್ತು.

ಮರುವರ್ಷವೇ, 1936ರ ಜನವರಿ 6ರಂದು, ಕೃಷಿ ಕಾಯ್ದೆಯ ಪ್ರಕರಣವೊಂದರಲ್ಲಿ ಅದೇ ನ್ಯಾಯಮೂರ್ತಿ ರಾಬರ್ಟ್ಸ್ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡರು. ಖರ್ಚಿನ ಅಧಿಕಾರದ ವಿಷಯದಲ್ಲಿ ಹ್ಯಾಮಿಲ್ಟನ್ ಅವರ ಮತವೇ ಸರಿ ಎಂದು ಅವರು ಮೊದಲ ಬಾರಿಗೆ ಸ್ಪಷ್ಟವಾಗಿ ಒಪ್ಪಿದರು. ಆದರೆ ಬೇಸಾಯ ರಾಜ್ಯಗಳಿಗೆ ಉಳಿಸಿದ ವಿಷಯ, ರೈತನಿಗೆ ಹಣದ ಆಸೆ ತೋರಿಸಿ ಅದನ್ನು ನಿಯಂತ್ರಿಸುವುದು ಹತ್ತನೆಯ ತಿದ್ದುಪಡಿಗೆ ವಿರುದ್ಧ ಎಂದು ಕಾಯ್ದೆಯನ್ನು ಹೊಡೆದುಹಾಕಿದರು. ಬೇಸಾಯಕ್ಕೆ ಅನ್ವಯಿಸಿದ ಈ ತರ್ಕ ವೃದ್ಧಾಪ್ಯಕ್ಕೂ ಅನ್ವಯಿಸಬಹುದಿತ್ತು.

ಪರೀಕ್ಷೆಗೆ ಬಂದ ಪ್ರಕರಣ ಬಾಸ್ಟನ್ನಿನದು. ಅಲ್ಲಿನ ಎಡಿಸನ್ ವಿದ್ಯುತ್ ಕಂಪನಿಯ ಷೇರುದಾರ ಜಾರ್ಜ್ ಡೇವಿಸ್ ಎಂಬುವರು, ಕಂಪನಿ ಈ ತೆರಿಗೆಯನ್ನು ಕಟ್ಟಬಾರದೆಂದು ತಮ್ಮ ಕಂಪನಿಯ ಮೇಲೆಯೇ ದಾವೆ ಹೂಡಿದರು. ಕೆಳಗಿನ ಮೇಲ್ಮನವಿ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ತೆರಿಗೆ ಆಯುಕ್ತ ಗೈ ಹೆಲ್ವರಿಂಗ್ ಸುಪ್ರೀಂ ಕೋರ್ಟಿಗೆ ಹೋದರು. ನಾನು ಮೊದಲೇ ಹೇಳಿದ 1937ರ ಮೇ 24ರ ತೀರ್ಪು ಇದರದೇ; ಅದನ್ನು ಬರೆದವರು ನ್ಯಾಯಮೂರ್ತಿ ಬೆಂಜಮಿನ್ ಕಾರ್ಡೋಜೊ. ಏಳು ಮಂದಿ ಒಂದು ಕಡೆ, ಇಬ್ಬರು ಇನ್ನೊಂದು ಕಡೆ.

ಕಾರ್ಡೋಜೊ ಅವರ ತರ್ಕವನ್ನು ನಿಮ್ಮ ಸಹೋದ್ಯೋಗಿಗೆ ನೀವು ಹೀಗೆ ಹೇಳಬಹುದು. ಸ್ಥಳೀಯ ಹಿತ ಯಾವುದು, ದೇಶದ ಹಿತ ಯಾವುದು ಎಂದು ಗೆರೆ ಎಳೆಯುವ ವಿವೇಚನೆ ಕಾಂಗ್ರೆಸ್ಸಿಗೆ ಸೇರಿದ್ದು. ಅದು ಕಣ್ಣಿಗೆ ಕಾಣುವಷ್ಟು ತಪ್ಪಾಗಿದ್ದರೆ ಮಾತ್ರ ನ್ಯಾಯಾಲಯ ಕೈಹಾಕುತ್ತದೆ. ಸಾರ್ವಜನಿಕ ಕ್ಷೇಮದ ಅರ್ಥ ಕಾಲಕ್ಕೆ ತಕ್ಕಂತೆ ಬೆಳೆಯುತ್ತದೆ. ನೂರು ವರ್ಷಗಳ ಹಿಂದೆ ಒಂದು ಹಳ್ಳಿಯ ಕಷ್ಟವಾಗಿದ್ದದ್ದು ಇಂದು ದೇಶದ ಕಷ್ಟವಾಗಿರಬಹುದು. ಮುಪ್ಪಿನ ಬಡತನವನ್ನು ರಾಜ್ಯಗಳು ತಾವೇ ನೀಗಿಸಿಕೊಳ್ಳಲಾರವು, ಏಕೆಂದರೆ ಪಿಂಚಣಿಗಾಗಿ ತೆರಿಗೆ ಏರಿಸಿದ ರಾಜ್ಯದ ಉದ್ಯಮಗಳು ನೆರೆಯ ರಾಜ್ಯದ ಉದ್ಯಮಗಳ ಎದುರು ಸೋಲುತ್ತವೆ. ಅಷ್ಟೇ ಅಲ್ಲ, ಪಿಂಚಣಿ ಕೊಡುವ ರಾಜ್ಯಕ್ಕೆ ಕೊಡದ ರಾಜ್ಯಗಳ ಬಡವರೆಲ್ಲ ವಲಸೆ ಬರುತ್ತಾರೆ. ಈ ಭಯದಿಂದ ಯಾವ ರಾಜ್ಯವೂ ಮೊದಲ ಹೆಜ್ಜೆ ಇಡುವುದಿಲ್ಲ. ಹತ್ತನೆಯ ತಿದ್ದುಪಡಿಯ ವಾದಕ್ಕೆ ಇದಕ್ಕಿಂತ ಬಲವಾದ ಉತ್ತರ ನನಗೆ ಗೊತ್ತಿಲ್ಲ. ರಾಜ್ಯಗಳಿಗೆ ಬಿಟ್ಟ ಅಧಿಕಾರವನ್ನು ಫೆಡರಲ್ ಸರ್ಕಾರ ಇಲ್ಲಿ ಕಸಿದುಕೊಳ್ಳಲಿಲ್ಲ; ಯಾವ ರಾಜ್ಯಕ್ಕೂ ಯಾವ ಆಜ್ಞೆಯನ್ನೂ ಮಾಡಲಿಲ್ಲ; ತೆರಿಗೆ ಎತ್ತಿ ಜನರಿಗೆ ನೇರವಾಗಿ ಹಣ ಕೊಟ್ಟಿತು.

ಸುಪ್ರೀಂ ಕೋರ್ಟಿನ ಮನಸ್ಸು ಹೀಗೆ ಬದಲಾದದ್ದಕ್ಕೆ ರೂಸ್‌ವೆಲ್ಟ್ ಅವರ ಬೆದರಿಕೆಯೇ ಕಾರಣ ಎಂದು ಹಲವರು ಹೇಳುತ್ತಾರೆ. 1937ರ ಫೆಬ್ರವರಿ 5ರಂದು ಅವರು ಸುಪ್ರೀಂ ಕೋರ್ಟಿಗೆ ಹೆಚ್ಚುವರಿ ನ್ಯಾಯಮೂರ್ತಿಗಳನ್ನು ನೇಮಿಸುವ ಯೋಜನೆ ಪ್ರಕಟಿಸಿದ್ದು ನಿಜ. ಆದರೆ ಆ ವಸಂತದ ಮೊದಲ ದೊಡ್ಡ ತಿರುವಾದ ಕನಿಷ್ಠ ಕೂಲಿಯ ಪ್ರಕರಣದಲ್ಲಿ ರಾಬರ್ಟ್ಸ್ ತಮ್ಮ ಮತ ಕೊಟ್ಟದ್ದು 1936ರ ಡಿಸೆಂಬರ್‌ನಲ್ಲಿ, ಅಂದರೆ ಯೋಜನೆ ಹೊರಬೀಳುವ ಮುನ್ನ. ಏಳು ಮತಗಳು ಬಂದ ಪಿಂಚಣಿಯ ತೀರ್ಪನ್ನು ಬರಿಯ ಭಯದ ಫಲವೆಂದು ಬದಿಗೆ ಸರಿಸುವುದು ಅದರ ತರ್ಕಕ್ಕೆ ಮಾಡುವ ಅನ್ಯಾಯ.

ಪಿಂಚಣಿಯ ತೀರ್ಪು ಬಂದ ದಿನವೇ ನಿರುದ್ಯೋಗ ವಿಮೆಯ ಇನ್ನೊಂದು ಪ್ರಕರಣವೂ ತೀರ್ಮಾನವಾಯಿತು, ಅಲ್ಲಿ ಅಂತರ ಐದು ಮತ್ತು ನಾಲ್ಕು. ರಾಜ್ಯ ತನ್ನದೇ ನಿರುದ್ಯೋಗ ಕಾಯ್ದೆ ಮಾಡಿದರೆ ಮಾಲೀಕನಿಗೆ ಫೆಡರಲ್ ತೆರಿಗೆಯಲ್ಲಿ ಶೇಕಡಾ 90ರವರೆಗೆ ರಿಯಾಯಿತಿ ಸಿಗುವ ಏರ್ಪಾಡು ಅಲ್ಲಿತ್ತು. ಇದು ರಾಜ್ಯಗಳಿಗೆ ಪ್ರೋತ್ಸಾಹವೋ ಒತ್ತಾಯವೋ ಎಂಬ ಬಗ್ಗೆ ನ್ಯಾಯಮೂರ್ತಿಗಳಲ್ಲಿ ಒಡಕಿತ್ತು. ಆ ಪ್ರಶ್ನೆ ಇಂದಿಗೂ ಸತ್ತಿಲ್ಲ. 2012ರಲ್ಲಿ ಆರೋಗ್ಯ ವಿಮೆಯ ಪ್ರಕರಣದಲ್ಲಿ, ಬಡವರ ವೈದ್ಯಕೀಯ ನೆರವಾದ ಮೆಡಿಕೇಡ್ ಅನ್ನು ವಿಸ್ತರಿಸಲು ಒಪ್ಪದ ರಾಜ್ಯಕ್ಕೆ ಅದುವರೆಗೆ ಕೊಡುತ್ತಿದ್ದ ಹಣವನ್ನೂ ನಿಲ್ಲಿಸುತ್ತೇವೆಂದು ಬೆದರಿಸುವುದು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಹೇಳಿದರು. ಎಂದರೆ ಹತ್ತನೆಯ ತಿದ್ದುಪಡಿಗೆ ಇಂದಿಗೂ ಹಲ್ಲಿದೆ. ಫೆಡರಲ್ ಸರ್ಕಾರ ರಾಜ್ಯದ ಕೈ ತಿರುಚಿದಲ್ಲಿ ಅದು ಕಚ್ಚುತ್ತದೆ. ಸೋಷಿಯಲ್ ಸೆಕ್ಯುರಿಟಿಯ ನಿವೃತ್ತಿ ವೇತನದಲ್ಲಿ ರಾಜ್ಯದ ಕೈಯೇ ಇಲ್ಲದಿರುವುದರಿಂದ ಅಲ್ಲಿ ಅದಕ್ಕೆ ಕೆಲಸವಿಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ. ನಿಮ್ಮ ಸಂಬಳದ ಚೀಟಿಯಲ್ಲಿ ಫೈಕಾ ಎಂಬ ಹೆಸರನ್ನು ನೋಡಿರುತ್ತೀರಿ. 1939ರಲ್ಲಿ ಬಂದ ಆ ಹೆಸರನ್ನು ಬಿಡಿಸಿದರೆ ಫೆಡರಲ್ ವಿಮಾ ವಂತಿಗೆ ಕಾಯ್ದೆ ಎಂದಾಗುತ್ತದೆ. ತಿಂಗಳಿಗೆ 10,000 ಡಾಲರ್ ಸಂಬಳವಿದ್ದರೆ ನಿಮ್ಮಿಂದ ಸೋಷಿಯಲ್ ಸೆಕ್ಯುರಿಟಿಗೆ ಶೇಕಡಾ 6.2ರಂತೆ 620 ಡಾಲರ್, ವೃದ್ಧರ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಶೇಕಡಾ 1.45ರಂತೆ 145 ಡಾಲರ್ ಹೋಗುತ್ತದೆ, ಮಾಲೀಕರೂ ಅಷ್ಟನ್ನೇ ಕಟ್ಟುತ್ತಾರೆ. ವಂತಿಗೆ, ವಿಮೆ ಎಂಬ ಮಾತುಗಳನ್ನು ಓದಿದವರು ಇದು ನನ್ನ ಖಾತೆ, ನನ್ನ ಹಣ ಎಂದುಕೊಂಡರೆ ತಪ್ಪು ಅವರದಲ್ಲ. ಆದರೆ 1937ರಲ್ಲಿ ಯೋಜನೆ ಉಳಿದದ್ದೇ ಇದು ಎಲ್ಲ ತೆರಿಗೆಗಳ ಹಾಗೆ ಬೊಕ್ಕಸಕ್ಕೆ ಸೇರುವ ತೆರಿಗೆ, ಯಾವುದಕ್ಕೂ ಮೀಸಲಿಟ್ಟದ್ದಲ್ಲ ಎಂಬ ನೆಲೆಯಲ್ಲಿ. 1939ರಲ್ಲಿ ಟ್ರಸ್ಟ್ ನಿಧಿ ಸ್ಥಾಪನೆಯಾದ ಮೇಲೂ ಒಬ್ಬೊಬ್ಬರ ಹೆಸರಿನಲ್ಲಿ ಹಣ ಕೂಡಿಡುವ ಪದ್ಧತಿ ಬರಲಿಲ್ಲ. ಮೊಟ್ಟಮೊದಲ ಮಾಸಿಕ ಚೆಕ್ ಪಡೆದವರು ವರ್ಮಾಂಟ್ ರಾಜ್ಯದ ಲಡ್‌ಲೋ ಊರಿನ ಐಡಾ ಮೇ ಫುಲರ್. 1940ರ ಜನವರಿ 31ರ ಆ ಚೆಕ್‌ನ ಮೊತ್ತ 22.54 ಡಾಲರ್. ಆಕೆ ತಮ್ಮ ದುಡಿಮೆಯ ಕಾಲದಲ್ಲಿ ಕಟ್ಟಿದ್ದ ತೆರಿಗೆ ಒಟ್ಟು 24.75 ಡಾಲರ್, ನೂರು ವರ್ಷ ಬದುಕಿ ಪಡೆದದ್ದು 22,888.92 ಡಾಲರ್. ಕಟ್ಟಿದ್ದಕ್ಕೂ ಪಡೆದದ್ದಕ್ಕೂ ನಡುವೆ ಇರುವುದು ಕಾಯ್ದೆಯ ಒಂದು ಸೂತ್ರ ಮಾತ್ರ, ಠೇವಣಿಯ ಲೆಕ್ಕ ಅಲ್ಲ.

ಇದರ ಇನ್ನೊಂದು ಮುಖವನ್ನು ನೋಡಿದವರು ಎಫ್ರಾಮ್ ನೆಸ್ಟರ್. 1913ರಲ್ಲಿ ಬಲ್ಗೇರಿಯದಿಂದ ಅಮೆರಿಕಕ್ಕೆ ಬಂದ ಅವರು ಅಲ್ಲಿಯೇ ದುಡಿದು, ತೆರಿಗೆ ಕಟ್ಟಿ, 1955ರಲ್ಲಿ ಪಿಂಚಣಿಗೆ ಅರ್ಹರಾದರು. ತಿಂಗಳಿಗೆ ಬರುತ್ತಿದ್ದದ್ದು 55.60 ಡಾಲರ್. 1933ರಿಂದ 1939ರವರೆಗೆ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದರೆಂಬ ಕಾರಣಕ್ಕೆ 1956ರಲ್ಲಿ ಅವರನ್ನು ಗಡೀಪಾರು ಮಾಡಿದರು. ಅಂಥ ಕಾರಣಗಳಿಗೆ ಗಡೀಪಾರಾದವರಿಗೆ ಪಿಂಚಣಿ ಇಲ್ಲವೆಂದು 1954ರಲ್ಲಿ ಕಾಂಗ್ರೆಸ್ಸು ಕಾಯ್ದೆಗೆ ಸೇರಿಸಿದ್ದ ಷರತ್ತಿನ ಪ್ರಕಾರ ಹಣವೂ ನಿಂತಿತು. ಅವರು ಸದಸ್ಯರಾಗಿದ್ದ ಕಾಲದಲ್ಲಿ ಅದು ಗಡೀಪಾರಿಗೆ ಕಾರಣವೇ ಆಗಿರಲಿಲ್ಲ. ಸುಪ್ರೀಂ ಕೋರ್ಟು 1960ರ ಜೂನ್ 20ರಂದು ಐದು ಮತ್ತು ನಾಲ್ಕರ ಅಂತರದಲ್ಲಿ ಸರ್ಕಾರದ ಪರವಾಗಿ ನಿಂತಿತು. ಪಿಂಚಣಿ ದುಡಿದು ಗಳಿಸಿದ ಸ್ವತ್ತು ಎಂದು ಒಪ್ಪಿದರೆ ಮುಂದಿನ ಕಾಲಕ್ಕೆ ತಕ್ಕಂತೆ ಯೋಜನೆಯನ್ನು ಬದಲಿಸುವ ಸ್ವಾತಂತ್ರ್ಯ ಕಾಂಗ್ರೆಸ್ಸಿಗೆ ಉಳಿಯುವುದಿಲ್ಲ ಎಂದು ನ್ಯಾಯಮೂರ್ತಿ ಜಾನ್ ಹಾರ್ಲನ್ ಬರೆದರು. ಕಾಯ್ದೆಯ ಯಾವ ಅಂಶವನ್ನಾದರೂ ಬದಲಿಸುವ, ತಿದ್ದುವ, ರದ್ದುಪಡಿಸುವ ಹಕ್ಕನ್ನು ಕಾಂಗ್ರೆಸ್ಸು ತನ್ನಲ್ಲೇ ಉಳಿಸಿಕೊಂಡಿದೆ ಎಂದು 1104ನೆಯ ಸೆಕ್ಷನ್ 1935ರಿಂದಲೂ ಹೇಳುತ್ತ ಬಂದಿತ್ತು. ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್ ಅವರ ಭಿನ್ನಮತವನ್ನು ನಾನು ಓದಿದಾಗಲೆಲ್ಲ ನ್ಯಾಯ ಆ ಕಡೆಯೇ ಇತ್ತು ಅನಿಸುತ್ತದೆ: ವರ್ಷಗಟ್ಟಲೆ ಮುರಿದುಕೊಂಡ ಹಣದ ಪ್ರತಿಫಲವನ್ನು ದಾನವೆಂಬಂತೆ ಕಾಣುವುದು ದುಡಿದವನ ನಂಬಿಕೆಗೆ ಬಗೆದ ದ್ರೋಹ. ಆದರೆ ಕಾನೂನು ಇರುವುದು ಬಹುಮತದ ತೀರ್ಪಿನಲ್ಲಿ.

ಭಾರತದ ಸರ್ಕಾರಿ ನೌಕರನ ಪಿಂಚಣಿ ಸರ್ಕಾರದ ಕೃಪೆಯಲ್ಲ, ಅದು ಅವನ ಸ್ವತ್ತು ಎಂದು ನಮ್ಮ ಸುಪ್ರೀಂ ಕೋರ್ಟು 1971ರಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಹೇಳಿದ್ದನ್ನು ಓದಿದವರಿಗೆ ಇದು ಆಘಾತಕಾರಿಯಾಗಿ ತೋರಬಹುದು. ಆದರೆ ಹೋಲಿಕೆಯಲ್ಲಿ ಎಚ್ಚರ ಬೇಕು. ಅದು ಮಾಲೀಕನಾದ ಸರ್ಕಾರ ತನ್ನ ನೌಕರನಿಗೆ ಕೊಡಬೇಕಾದ ನಿವೃತ್ತಿ ವೇತನ. ಸೋಷಿಯಲ್ ಸೆಕ್ಯುರಿಟಿ ಇಡೀ ದೇಶದ ದುಡಿಯುವವರಿಂದ ತೆರಿಗೆ ಎತ್ತಿ ಕೊಡುವ ಸಾಮಾಜಿಕ ನೆರವು. ಸರಿಯಾದ ಹೋಲಿಕೆ ಬೇಕಾದರೆ ಅಮೆರಿಕದ ರಾಜ್ಯ ಸರ್ಕಾರಗಳ ನೌಕರರ ಪಿಂಚಣಿಯನ್ನು ನೋಡಬೇಕು, ಅಲ್ಲಿ ಚಿತ್ರವೇ ಬೇರೆ. ಇಲಿನಾಯ್ ರಾಜ್ಯದ 1970ರ ಸಂವಿಧಾನ, ಸರ್ಕಾರಿ ನೌಕರನ ಪಿಂಚಣಿಯ ಸದಸ್ಯತ್ವ ಒಂದು ಕರಾರು, ಅದರ ಸೌಲಭ್ಯಗಳನ್ನು ಕುಗ್ಗಿಸುವಂತಿಲ್ಲ ಎನ್ನುತ್ತದೆ. ಪಿಂಚಣಿ ನಿಧಿಯ ಭಾರೀ ಕೊರತೆಯ ಕಾರಣ ಕೊಟ್ಟು ರಾಜ್ಯದ ಶಾಸಕಾಂಗ 2013ರಲ್ಲಿ ಸೌಲಭ್ಯ ಕಡಿತ ಮಾಡಿದಾಗ, ಅಲ್ಲಿನ ಸುಪ್ರೀಂ ಕೋರ್ಟು 2015ರ ಮೇ 8ರಂದು ಒಮ್ಮತದಿಂದ ಆ ಕಾಯ್ದೆಯನ್ನು ರದ್ದುಮಾಡಿತು. ಮಿಷಿಗನ್ ರಾಜ್ಯದ ಸಂವಿಧಾನದಲ್ಲೂ ಇಂಥದೇ ರಕ್ಷಣೆ ಇದೆ. ಆದರೂ 2013ರಲ್ಲಿ ಡೆಟ್ರಾಯಿಟ್ ನಗರ ದಿವಾಳಿ ಎದ್ದಾಗ, ದಿವಾಳಿ ಕಾನೂನು ಫೆಡರಲ್ ಅಧಿಕಾರಕ್ಕೆ ಸೇರಿದ್ದು, ಅದರ ಮುಂದೆ ರಾಜ್ಯದ ರಕ್ಷಣೆ ನಿಲ್ಲದು ಎಂದು ನ್ಯಾಯಾಲಯ ಹೇಳಿತು. ನಗರದ ಸಾಮಾನ್ಯ ನೌಕರರ ಪಿಂಚಣಿ ಶೇಕಡಾ 4.5ರಷ್ಟು ಕಡಿತವಾಯಿತು, ಬೆಲೆ ಏರಿಕೆಯ ಪರಿಹಾರವೂ ಹೋಯಿತು. ಫೆಡರಲ್ ಅಧಿಕಾರದ ಗಡಿಗಳ ಬಗ್ಗೆ ಚಿಂತಿಸುವವರು ಇದನ್ನೂ ಗಮನಿಸಬೇಕು: ಇಲ್ಲಿ ನಿವೃತ್ತರ ಹೊಟ್ಟೆಯ ಮೇಲೆ ಹೊಡೆದದ್ದು ಸಂವಿಧಾನದ ಪಟ್ಟಿಯಲ್ಲಿ ಸ್ಪಷ್ಟವಾಗಿ ಎಣಿಸಿರುವ ಅಧಿಕಾರವೇ.

ಹಾಗಾದರೆ ಕಾಂಗ್ರೆಸ್ಸು ಮನಬಂದಂತೆ ಮಾಡಬಹುದೇ ಎಂದರೆ, ಇಲ್ಲ. ಅಧಿಕಾರ ಎಷ್ಟು ದೂರ ಹೋಗುತ್ತದೆ ಎಂಬ ತಡೆ ಬಹುಮಟ್ಟಿಗೆ ಕರಗಿದ್ದರೂ, ಇರುವ ಅಧಿಕಾರವನ್ನು ಹೇಗೆ ಬಳಸಬೇಕೆಂಬ ತಡೆ, ನ್ಯಾಯವಾದ ವಿಧಾನವಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಸ್ವತ್ತನ್ನೂ ಕಸಿಯಬಾರದೆನ್ನುವ ಐದನೆಯ ತಿದ್ದುಪಡಿಯಲ್ಲಿ ಉಳಿದಿದೆ. ಅದರ ಬಲ ತೋರಿದ ಪ್ರಕರಣ ಸ್ಟೀಫನ್ ವೀಸನ್‌ಫೆಲ್ಡ್ ಅವರದು. 1972ರಲ್ಲಿ ಅವರ ಹೆಂಡತಿ, ಶಾಲಾ ಶಿಕ್ಷಕಿ ಪೌಲಾ, ಹೆರಿಗೆಯಲ್ಲಿ ತೀರಿಕೊಂಡರು. ಮನೆಯ ಮುಖ್ಯ ದುಡಿಮೆ ಆಕೆಯದೇ ಆಗಿತ್ತು, ತೆರಿಗೆಯನ್ನೂ ಆಕೆ ಕಟ್ಟಿದ್ದರು. ಹಸುಗೂಸನ್ನು ತಾವೇ ಸಾಕಲು ನಿರ್ಧರಿಸಿದ ತಂದೆ ನೆರವು ಕೇಳಿದಾಗ, ಅದು ವಿಧವೆಯಾದ ತಾಯಿಗೆ ಮಾತ್ರ, ವಿಧುರನಾದ ತಂದೆಗಲ್ಲ ಎಂಬ ಉತ್ತರ ಬಂದಿತು. ಅವರ ಪರ ವಾದಿಸಿದವರು ಮುಂದೆ ಅದೇ ನ್ಯಾಯಾಲಯದ ನ್ಯಾಯಮೂರ್ತಿಯಾದ ರೂತ್ ಬೇಡರ್ ಗಿನ್ಸ್‌ಬರ್ಗ್. 1975ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಆ ನಿಯಮವನ್ನು ಹೊಡೆದುಹಾಕಿತು. ಗಂಡಸು ಕಟ್ಟಿದ ತೆರಿಗೆ ಅವನ ಕುಟುಂಬಕ್ಕೆ ಕೊಡುವಷ್ಟು ರಕ್ಷಣೆಯನ್ನು ಹೆಂಗಸು ಕಟ್ಟಿದ ತೆರಿಗೆಯೂ ಕೊಡಬೇಕು ಎಂಬುದು ಅದರ ತಿರುಳು. ಮರುವರ್ಷ ಇನ್ನೊಂದು ಪ್ರಕರಣದಲ್ಲಿ, ಬರುತ್ತಿರುವ ನೆರವನ್ನು ನಿಲ್ಲಿಸುವಾಗ ನ್ಯಾಯವಾದ ವಿಧಾನವನ್ನು ಅನುಸರಿಸಬೇಕೆಂಬ ಮಟ್ಟಿಗೆ ಅದು ಸ್ವತ್ತೇ ಎಂದು ನ್ಯಾಯಾಲಯ ಒಪ್ಪಿತು. ಸೂಕ್ಷ್ಮ ಇಲ್ಲಿದೆ: ಕಾಯ್ದೆ ಇರುವ ತನಕ ಅಧಿಕಾರಿಯೊಬ್ಬರು ನಿಮ್ಮ ಪಿಂಚಣಿಯನ್ನು ಕಾರಣ ಕೊಡದೆ, ನಿಮ್ಮ ಮಾತು ಕೇಳದೆ ನಿಲ್ಲಿಸುವಂತಿಲ್ಲ, ಆದರೆ ಕಾಯ್ದೆಯನ್ನೇ ಬದಲಿಸುವುದನ್ನು ತಡೆಯುವ ಹಕ್ಕು ನಿಮಗಿಲ್ಲ.

ಕಾಂಗ್ರೆಸ್ಸು ಅದನ್ನು ಬದಲಿಸಿದ್ದೂ ಉಂಟು. 1983ರ ತಿದ್ದುಪಡಿಗಳು ಪೂರ್ಣ ಪಿಂಚಣಿಯ ವಯಸ್ಸನ್ನು 65ರಿಂದ ಹಂತಹಂತವಾಗಿ 67ಕ್ಕೆ ಏರಿಸಿದವು, ಪಿಂಚಣಿಯ ಒಂದು ಭಾಗವನ್ನು ಆದಾಯ ತೆರಿಗೆಗೆ ಒಳಪಡಿಸಿದವು. ಇಚ್ಛೆಯಿಂದ ಯೋಜನೆಗೆ ಸೇರಿದ್ದ ರಾಜ್ಯಗಳು ಮತ್ತು ಸ್ಥಳೀಯ ಸಂಸ್ಥೆಗಳು ಹೊರಬರುವ ದಾರಿಯನ್ನೂ ಮುಚ್ಚಿದವು. ಅದನ್ನು ಪ್ರಶ್ನಿಸಿದ ಕ್ಯಾಲಿಫೋರ್ನಿಯದವರು 1986ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತದ್ದು ಅದೇ 1104ನೆಯ ಸೆಕ್ಷನ್ನಿನ ಎದುರು. ಬದಲಾವಣೆ ಯಾವಾಗಲೂ ಕಡಿತವೇ ಆಗಬೇಕಿಲ್ಲ. ಬೇರೆ ಸರ್ಕಾರಿ ಪಿಂಚಣಿ ಇದ್ದ ಶಿಕ್ಷಕರು, ಪೊಲೀಸರು ಮುಂತಾದವರ ಸೋಷಿಯಲ್ ಸೆಕ್ಯುರಿಟಿಯನ್ನು ಕುಗ್ಗಿಸುತ್ತಿದ್ದ ಎರಡು ನಿಯಮಗಳನ್ನು 2025ರ ಜನವರಿ 5ರಂದು ಸಹಿಯಾದ ಕಾಯ್ದೆ ತೆಗೆದುಹಾಕಿತು.

ಮುಂದಿನ ದೊಡ್ಡ ಪ್ರಶ್ನೆ ಕೂಡ ನ್ಯಾಯಾಲಯದಲ್ಲಿ ತೀರ್ಮಾನವಾಗುವಂಥದ್ದಲ್ಲ. ವೃದ್ಧಾಪ್ಯ ನಿಧಿಯ ಮೀಸಲು ಹಣ 2033ರಲ್ಲಿ ಮುಗಿಯುತ್ತದೆ, ಆಮೇಲೆ ಬರುವ ತೆರಿಗೆಯಿಂದ ನಿಗದಿತ ಪಿಂಚಣಿಯ ಶೇಕಡಾ 77ರಷ್ಟನ್ನು ಮಾತ್ರ ಕೊಡಬಹುದು ಎಂದು ಟ್ರಸ್ಟಿಗಳ 2025ರ ವರದಿ ಅಂದಾಜಿಸಿದೆ. ಅಷ್ಟರೊಳಗೆ ತೆರಿಗೆ ಏರಿಸುವುದೋ, ಸೂತ್ರ ಬದಲಿಸುವುದೋ ಕಾಂಗ್ರೆಸ್ಸಿನ ಕೆಲಸ. ಏನೂ ಮಾಡದೆ ಬಿಟ್ಟರೆ ಉಳಿದ ಶೇಕಡಾ 23ನ್ನು ಕೊಡಿಸಿ ಎಂದು ನ್ಯಾಯಾಲಯಕ್ಕೆ ಹೋದವರಿಗೆ ನೆಸ್ಟರ್ ಪ್ರಕರಣವೇ ಎದುರಾಗುತ್ತದೆ. ಹಾಗೆಂದು ನಾಳೆಯೇ ಎಲ್ಲ ನಿಂತುಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಕೋಟಿಗಟ್ಟಲೆ ಮತದಾರರು ತಿಂಗಳು ತಿಂಗಳು ಕಾಯುವ ಹಣವನ್ನು ಮುಟ್ಟಲು ಯಾವ ಪಕ್ಷಕ್ಕೂ ಸುಲಭವಾಗಿ ಧೈರ್ಯ ಬರುವುದಿಲ್ಲ, ಆ ಪಿಂಚಣಿಯ ನಿಜವಾದ ಕಾವಲು ಅದೇ. ಆದರೆ ಪೌರತ್ವವಿಲ್ಲದೆ ವೀಸಾದ ಮೇಲೆ ದುಡಿಯುವ ನಮ್ಮವರಿಗೆ ತೆರಿಗೆ ಉಂಟು, ಮತ ಇಲ್ಲ.

ನಿಮ್ಮ ಸ್ಥಿತಿ ಅವರಲ್ಲಿ ಹಲವರಿಗಿಂತ ಉತ್ತಮ. ನಿವೃತ್ತಿ ಪಿಂಚಣಿಗೆ, ತೆರಿಗೆ ಕಟ್ಟಿದ ದುಡಿಮೆಗೆ ಅಂಕದಂತೆ ಸಿಗುವ ಕ್ರೆಡಿಟ್ 40 ಬೇಕು, ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ಸಿಗುತ್ತವೆ. ಹನ್ನೆರಡು ವರ್ಷವೂ ತೆರಿಗೆ ಕಟ್ಟಿದ ಉದ್ಯೋಗದಲ್ಲೇ ಇದ್ದಿದ್ದರೆ ನಿಮಗೆ ಅರ್ಹತೆ ಬಂದಿದೆ. ಎಂಟು ವರ್ಷ ದುಡಿದು 32 ಕ್ರೆಡಿಟ್‌ಗಳೊಂದಿಗೆ ಬೆಂಗಳೂರಿಗೆ ಮರಳಿದವರಿಗೆ ನಿವೃತ್ತಿ ಪಿಂಚಣಿಯೂ ಇಲ್ಲ, ಕಟ್ಟಿದ ಹಣ ವಾಪಸೂ ಇಲ್ಲ. ಎರಡು ದೇಶಗಳ ಸೇವಾವಧಿಯನ್ನು ಕೂಡಿಸಿ ಲೆಕ್ಕ ಹಿಡಿಯುವ ಒಪ್ಪಂದವನ್ನು ಅಮೆರಿಕ ಹಲವು ದೇಶಗಳೊಂದಿಗೆ ಮಾಡಿಕೊಂಡಿದೆ. ಭಾರತ ಬಹಳ ವರ್ಷಗಳಿಂದ ಕೇಳುತ್ತಿದ್ದರೂ ನಮ್ಮೊಂದಿಗೆ ಅಂಥ ಒಪ್ಪಂದ ಆಗಿಲ್ಲ. ತೆರಿಗೆ ಮತ್ತು ಪಿಂಚಣಿ ಕಾನೂನಿನಲ್ಲಿ ಎರಡು ಬೇರೆ ಅಧ್ಯಾಯಗಳು ಎಂಬ 1935ರ ಏರ್ಪಾಡಿನ ಬಿಸಿ ನಮ್ಮವರಿಗೆ ತಟ್ಟುವುದು ಇಲ್ಲಿ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ, ಆದರೆ ಇದರ ಪರಿಹಾರ ಎರಡು ಸರ್ಕಾರಗಳ ಮಾತುಕತೆಯಲ್ಲಿದೆಯೇ ಹೊರತು ಸಂವಿಧಾನದ ವ್ಯಾಖ್ಯಾನದಲ್ಲಿಲ್ಲ.

ನೀವು ಇಂದೇ ಮಾಡಬಹುದಾದ ಕೆಲಸ ಒಂದಿದೆ. ಸೋಷಿಯಲ್ ಸೆಕ್ಯುರಿಟಿ ಆಡಳಿತದ ಜಾಲತಾಣದಲ್ಲಿ ನಿಮ್ಮ ಖಾತೆ ತೆರೆದು ವರ್ಷವಾರು ಸಂಬಳದ ದಾಖಲೆಯನ್ನು ಮಾಲೀಕರು ವರ್ಷಕ್ಕೊಮ್ಮೆ ಕೊಡುವ ಡಬ್ಲ್ಯು-2 ಪತ್ರಗಳೊಂದಿಗೆ ಹೋಲಿಸಿ ನೋಡಿ. ತಪ್ಪಿದ್ದರೆ ಅದನ್ನು ಸರಿಪಡಿಸಿಕೊಳ್ಳಲು ಆಯಾ ವರ್ಷ ಮುಗಿದ ಮೇಲೆ ಸಾಮಾನ್ಯವಾಗಿ ಮೂರು ವರ್ಷ, ಮೂರು ತಿಂಗಳು, ಹದಿನೈದು ದಿನಗಳ ಕಾಲಾವಕಾಶ ಇರುತ್ತದೆ. ಕೆಲಸ ಬದಲಿಸಿದ ವರ್ಷಗಳನ್ನು ವಿಶೇಷವಾಗಿ ಗಮನಿಸಿ. ಡಬ್ಲ್ಯು-2 ಪತ್ರಗಳ ಪ್ರತಿಗಳನ್ನು ಊರಿಗೆ ಮರಳುವಾಗಲೂ ಜೊತೆಗೆ ತನ್ನಿ, ಏಕೆಂದರೆ ಪಿಂಚಣಿಯ ಮೊತ್ತ ನಿರ್ಧಾರವಾಗುವುದು ಆ ದಾಖಲೆಯಲ್ಲಿರುವ ಅಂಕಿಗಳ ಮೇಲೆ.